ತಂಗಿಗೆ ಕ್ಲಚ್ ಕಲಿಸಿದ್ದು

ಹುಬ್ಬಳ್ಳಿ, ೨೨೦೪ನೇ ಇಸವಿ, ಮಾರ್ಚ್ ಒಂಬತ್ತು

ಗಿರಿಜವ್ವಜ್ಜಿಯವರಿಗೆ, ನಿಮ್ಮ ಮರಿಮಗಳ ಮರಿಮಗಳು ಪದ್ಮಾಕ್ಷಿ ಮಾಡುವ ನಮಸ್ಕಾರ. ನಮ್ಮಿಬ್ಬರ ನಡುವಿನ ಸುಮಾರು ಇನ್ನೂರು ವರ್ಷದಲ್ಲಿ ಮಾತು ಸವೆದು ಬೇರೆಯಾಗಿದೆ. ನನ್ನ ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ. ನಾವು ‘ಒಯ್ಯುಗ’ ಎನ್ನುವುದು ಚಾಲಕನೇ ಇಲ್ಲದ ಗಾಡಿಗೆ. ಊರು ಹೇಳಿ ಕುಳಿತರೆ ಒಯ್ದು ಇಳಿಸುತ್ತದೆ. ದಾರಿಯಲ್ಲಿ ಕಬ್ಬಿನ ಹಾಲಿನಂಗಡಿ ಕಂಡು ನಿಲ್ಲಿಸು ಎಂದರೆ, ಮೊದಲೇ ಹೇಳಬೇಕಿತ್ತು ಎನ್ನುತ್ತದೆ. ಕೈಯಾರೆ ಕಾರು ಓಡಿಸುವುದು ನಮ್ಮಜ್ಜಿಯ ಕಾಲದಲ್ಲೇ ನಿಷೇಧವಾಯಿತು.

ನೀವು ಗದಗಿಗೆ ಟ್ಯಾಕ್ಸಿ ಓಡಿಸುತ್ತಿದ್ದಿರೆಂದು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಹೆಮ್ಮೆಯಿಲ್ಲ, ಹೊಟ್ಟೆಯುರಿ. ೧೮೮೮ರಲ್ಲಿ ಜರ್ಮನಿಯ ಹೆಂಗಸೊಬ್ಬಳು ಗಂಡ ಕಟ್ಟಿದ ಕಾರನ್ನು ಅವನಿಗೆ ಹೇಳದೆ ತೆಗೆದುಕೊಂಡು, ಇಬ್ಬರು ಮಕ್ಕಳೊಡನೆ ತವರಿಗೆ ಹೋದಳಂತೆ. ಅವಳ ಮೇಲೂ ಅಷ್ಟೇ ಉರಿ.

ನಾನು ಇಲ್ಲಿನ ವಾಹನ ಸಂಗ್ರಹಾಲಯದಲ್ಲಿ ಒಂಬತ್ತು ವರ್ಷ ಕೂತು ಒಂದು ಬಿಳಿ ಅಂಬಾಸಡರ್ ರಿಪೇರಿ ಮಾಡಿದೆ. ಎಂಜಿನ್ ಶುರು ಮಾಡಬಹುದು, ಒಂದು ಗೇಣೂ ಸರಿಸುವಂತಿಲ್ಲ. ಹೋದ ತಿಂಗಳು ನಗರಸಭೆ ಒಂದೇ ಒಂದು ಸಲ, ಉಣಕಲ್ ಕೆರೆಯ ದಂಡೆಯಲ್ಲಿ ಎರಡು ಕಿಲೋಮೀಟರ್ ಓಡಿಸಲು ಒಪ್ಪಿತು. ಓಡಿಸುವವರನ್ನು ಚೀಟಿ ಎತ್ತಿ ಆರಿಸಿದರು. ನಾನೂ ಹೆಸರು ಕೊಟ್ಟಿದ್ದೆ. ತಮಾಷೆಗೆ ಹೆಸರು ಕೊಟ್ಟಿದ್ದ ನನ್ನ ತಂಗಿ ರತ್ನಮಾಲಾಳ ಚೀಟಿ ಬಂತು. ಅವಳಿಗೆ ಕಲಿಸುವ ಕೆಲಸ ನನ್ನದಾಯಿತು.

ಎಂಜಿನ್ ಬಂದ್ ಮಾಡಿಯೇ ಕಲಿಸಿದೆ. ಗೇರ್ ಹಾಕಿದ ಕೂಡಲೇ ಕ್ಲಚ್‌ನಿಂದ ಕಾಲನ್ನು ಥಟ್ಟನೆ ತೆಗೆಯಬೇಕೆಂದು ಹೇಳಿಕೊಟ್ಟೆ. ಬೇಕೆಂದೇ ಹಾಗೆ ಹೇಳಿದೆ, ಅಜ್ಜಿ.

ಓಡಿಸುವ ದಿನ ಸಾವಿರಾರು ಜನರೆದುರು ಕಾರು ಜಿಗಿದು ನಿಂತಿತು. ಮೂರು ಸಲ. ಜನ ನಗತೊಡಗಿದರು. ನಾನು ಕಿಟಕಿಯ ಹತ್ತಿರ ಹೋದೆ.

“ಅಕ್ಕಾ, ನೀ ಹೇಳಿದ್ಹಂಗನ ಮಾಡಾಕತ್ತೀನಿ. ಯಾಕ ಹಿಂಗಾಗ್ತೈತಿ?”

“ನಾ ತಪ್ಪು ಹೇಳಿಕೊಟ್ಟಿದ್ದೆ. ಕಾಲು ಮೆಲ್ಲಕ ತೆಗಿ.”

“ಗೊತ್ತಿದ್ದೂ ಹೇಳಿದ್ದಿ?”

“ಹೂಂ. ನಿನ್ನ ಹೆಸರು ಬಂತಲ್ಲ, ಅದಕ್ಕ.”

ಅವಳು ಮುಂದೆ ತಿರುಗಿ, ಮತ್ತೆ ಎಂಜಿನ್ ಶುರು ಮಾಡಿ, ಮೆಲ್ಲಗೆ ಕಾಲು ತೆಗೆದಳು. ನಾನು ಒಂದೊಂದು ನಟ್ಟನ್ನೂ ಬಲ್ಲ ಕಾರು ನನ್ನನ್ನು ಬಿಟ್ಟು ಹೋಯಿತು. ನಾನು ಧೂಳಿನಲ್ಲಿ ನಿಂತೆ.

ಮೂರು ವಾರ ಅವಳು ನನ್ನ ಕೂಡ ಮಾತಾಡಲಿಲ್ಲ. ನಿನ್ನೆ ಬಂದು ಹೇಳಿದಳು: “ಖರೇ ಹೇಳ್ಲಿ? ನೀನ ಓಡಸಬೇಕಿತ್ತು. ನನಗ ಬರೇ ಅಂಜಿಕಿ ಆತು.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೈತಪ್ಪಿದ ಆ ಓಟ ಅವಳಿಗೆ ಖುಷಿಯನ್ನೂ ಕೊಡಲಿಲ್ಲವಲ್ಲ ಎಂದು ರಾತ್ರಿಯೆಲ್ಲ ಸಂಕಟಪಟ್ಟೆ.

ನಿಮ್ಮನ್ನು ಕೇಳುವುದು ಇಷ್ಟೇ. ಇವತ್ತು ಬಾಡಿಗೆ ಇಲ್ಲದಿದ್ದರೂ ಕಾರು ತೆಗೆಯಿರಿ. ಗದಗಿನ ರಸ್ತೆ ಹಿಡಿಯಿರಿ. ಆಮೇಲೆ, ಯಾರನ್ನೂ ಕೇಳದೆ, ಎಲ್ಲಾದರೂ ಎಡಕ್ಕೆ ತಿರುಗಿಸಿ.