ಜಲ್ಲಿ ಕಸವಲ್ಲ

ಚಿಮಣಿಯನ್ನೂ ಗುಡಿಸಿ ಥಳಥಳಿಸುವಂತೆ ಮಾಡಿದ ಮಾನ್ಯ ಸುರಕ್ಷತಾ ನಿರ್ದೇಶಕರೇ,

ನಿಮ್ಮ ಸ್ವಚ್ಛತಾ ಅಭಿಯಾನ ಎರಡು ಮೊಟ್ಟೆಗಳನ್ನು ಬಲಿ ತೆಗೆದುಕೊಂಡಿದೆ. ಇದನ್ನು ಬರೆದು ಕಚೇರಿಯ ದೂರುಪೆಟ್ಟಿಗೆಗೆ ಹಾಕಬಹುದಿತ್ತು. ಆ ಪೆಟ್ಟಿಗೆಯ ಬೀಗ ತೆಗೆದದ್ದನ್ನು ಕಂಡವರಿಲ್ಲವಾದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ಸಿಲೇಸಿಯಾದ ಈ ವಿದ್ಯುತ್ ಸ್ಥಾವರದ ಚಿಮಣಿಗೆ, ನೂರಿಪ್ಪತ್ತು ಮೀಟರ್ ಎತ್ತರದಲ್ಲಿ, ಹನ್ನೆರಡು ವರ್ಷಗಳ ಹಿಂದೆ ತಗಡಿನ ಗೂಡುಪೆಟ್ಟಿಗೆ ಕಟ್ಟಿದವನು ನಾನು. ಅದರಲ್ಲಿ ಮೊಟ್ಟೆ ಇಡುವ ಪೆರೆಗ್ರಿನ್ ಡೇಗೆ ಎಂಬ ಬೇಟೆಹಕ್ಕಿ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಬಂಡೆಯ ಅಂಚಿನ ಪುಡಿಗಲ್ಲಿನಲ್ಲಿ ಎದೆಯೊತ್ತಿ ಕುಳಿ ಮಾಡಿ ಮೊಟ್ಟೆ ಇಡುತ್ತದೆ. ಚಿಮಣಿಯಲ್ಲಿ ಪುಡಿಗಲ್ಲು ಎಲ್ಲಿಂದ ಬರಬೇಕು? ಅದಕ್ಕೇ ಪ್ರತಿ ಚಳಿಗಾಲದ ಕೊನೆಗೆ ಎರಡು ಬಕೆಟ್ ಸಣ್ಣ ಜಲ್ಲಿ ಹೊತ್ತು ಹತ್ತುತ್ತಿದ್ದೆ. ಈ ಸಲ ನನ್ನ ಬೆನ್ನ ಹಿಂದೆಯೇ ನಿಮ್ಮ ತಪಾಸಣೆಯವರು ಹತ್ತಿ, ‘ಕಟ್ಟಡ ತ್ಯಾಜ್ಯ ಪತ್ತೆ, ತೆರವುಗೊಳಿಸಲಾಗಿದೆ’ ಎಂದು ವರದಿ ಬರೆದರು. ನೀವು ಸಹಿ ಹಾಕಿದಿರಿ.

ಗೂಡಿನ ಕ್ಯಾಮೆರಾ ದೃಶ್ಯ ಕ್ಯಾಂಟೀನಿನ ಪರದೆಯಲ್ಲಿ ಬರುತ್ತದೆ. ಕಳೆದ ವಾರ ಮಂಗಳವಾರ ಹುಳಿ ಸೂಪು ಬಡಿಸುತ್ತಿದ್ದ ಗೆರ್ಟ್ರುಡಾ ಸೌಟು ಹಿಡಿದೇ ನಿಂತುಬಿಟ್ಟಳು.

“ಅಲೋಯ್ಸಣ್ಣ, ಇವಳ್ಯಾಕೆ ಬರೀ ತಗಡು ಕೆರೀತಿದಾಳೆ?”

ನಾವು ನೋಡುತ್ತಿದ್ದಂತೆ ಮೊಟ್ಟೆ ಉರುಳಿ ಅಂಚು ದಾಟಿತು. ಗುರುವಾರ ಎರಡನೆಯದೂ ಹೋಯಿತು.

“ನಿಮ್ಮ ಸಾಹೇಬ್ರು ತೊಟ್ಟಿಲಲ್ಲಿ ಹಾಸಿಗೆ ಕಂಡ್ರೂ ಕಸ ಅಂತ ಎತ್ತಿ ಬಿಸಾಕ್ತಾರೆ ಬಿಡಿ” ಎಂದಳು. ಯಾರೂ ನಗಲಿಲ್ಲ. ಐವತ್ತೆಂಟು ವರ್ಷದ ನಾನು ಎಲ್ಲರೆದುರು ಅತ್ತೆ.

ಜಲ್ಲಿ ಮತ್ತೆ ಹಾಕಲು ಬಿಡಿ ಎಂದು ಅಂದೇ ನಿಮ್ಮ ಬಳಿ ಬಂದೆ. “ಅದು ಸಂರಕ್ಷಿತ ಹಕ್ಕಿ ಕಣ್ರೀ. ಹತ್ರ ಹೋದ್ರೆ ಕೇಸಾಗುತ್ತೆ. ಅನುಮತಿ ತನ್ನಿ, ನೋಡೋಣ” ಎಂದಿರಿ. ಹಾಗಾದರೆ ಪೊರಕೆಗೆ ಅನುಮತಿ ಕೊಟ್ಟವರು ಯಾರು? ಸ್ಥಾವರದ ವಾರ್ಷಿಕ ವರದಿಯ ಮುಖಪುಟದಲ್ಲಿ ಇದೇ ಹಕ್ಕಿಯ ಚಿತ್ರ ಹಾಕಿಕೊಳ್ಳುವಾಗ ಯಾವ ಕಾನೂನು ನೆನಪಾಗಿತ್ತು? ಪರಿಸರ ಇಲಾಖೆ ಮರುದಿನವೇ ಲಿಖಿತ ಅನುಮತಿ ಕೊಟ್ಟಿತು. ಈಗ ಅಡ್ಡವಾಗಿರುವುದು ಏಣಿಬಾಗಿಲಿನ ಬೀಗ ಒಂದೇ. ಅದರ ಕೀ ನಿಮ್ಮ ಮೇಜಿನಲ್ಲಿ ‘ಪರಿಶೀಲನೆ’ಯಲ್ಲಿದೆ.

ಮೊದಲ ಮೊಟ್ಟೆಗಳು ಹಾಳಾದರೆ ಈ ಹಕ್ಕಿ ಎರಡು ವಾರದೊಳಗೆ ಮತ್ತೆ ಇಡಬಹುದು. ಆರು ದಿನ ಆಗಲೇ ಕಳೆದಿವೆ. ನಿಮ್ಮ ಕಡತಕ್ಕಾಗಿ ಅದು ಕಾಯುವುದಿಲ್ಲ, ನಾನೂ ಕಾಯುವುದಿಲ್ಲ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಎರಡು ಬಕೆಟ್ ಜಲ್ಲಿಯೊಂದಿಗೆ ಬಾಗಿಲ ಮುಂದೆ ನಿಂತಿರುತ್ತೇನೆ. ಕೀ ಕಳುಹಿಸಿ. ಕಳುಹಿಸದಿದ್ದರೆ ಬೀಗ ಒಡೆಯುತ್ತೇನೆ. ಅದನ್ನು ಕೂರಿಸಿದವನೂ ನಾನೇ. ಕೆಲಸದಿಂದ ತೆಗೆಯುವುದಿದ್ದರೆ ತೆಗೆಯಿರಿ, ನಾನು ಕೆಳಗಿಳಿದ ಮೇಲೆ.

ಇಂತಿ,
ಹನ್ನೆರಡು ವರ್ಷ ನಿಮ್ಮ ಚಿಮಣಿಗೆ ‘ತ್ಯಾಜ್ಯ’ ಹೊತ್ತ
ಅಲೋಯ್ಸ್ ಪಿರ್ಖಾವಾ
ಚಿಮಣಿ ದುರಸ್ತಿ ವಿಭಾಗ (ಶುಕ್ರವಾರದವರೆಗಂತೂ)