ಪರದೆಯ ಹಿಂದಿನ ದನಿ

ಹತ್ತಿಮತ್ತೂರು, ತಾಲೂಕು ಸವಣೂರು
ಶುಕ್ರವಾರ, 21 ನವೆಂಬರ್ 2025

ಪ್ರೀತಿಯ ಮಗಳು ದಾಕ್ಷಾಯಣಿಗೆ,

ಹೇಗಿದ್ದೀ ತಾಯಿ? ಇಡೀ ದಿನ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿಯುವವಳು, ಮೊಣಕಾಲಿನ ನೋವು ಇಳಿದಿದೆಯೋ ಇಲ್ಲವೋ? ಕುಮಟಾದ ಸೆಕೆಗೆ ನೀರು ಹೆಚ್ಚು ಕುಡಿ. ನಿಮ್ಮವ್ವ ಹುಚ್ಚವ್ವ ಆರಾಮ ಇದ್ದಾಳೆ, ಇದರ ಜೊತೆ ಶೇಂಗಾ ಚಟ್ನಿ ಕಟ್ಟಿ ಕೊಟ್ಟಿದ್ದಾಳೆ. ನಿನ್ನ ಮಗಳು ಭಾಗ್ಯಶ್ರೀ ನಿಮ್ಮವ್ವನ ಭುಜ ದಾಟಿ ಬೆಳೆದಿದ್ದಾಳೆ. ಒಂದು ತಿಂಗಳಿಂದ ನೀನು ಫೋನ್ ಮಾಡಿದಾಗಲೆಲ್ಲ ಅವಳೇ ಎತ್ತಿ, ಅಜ್ಜ ಪೇಟೆಗೆ ಹೋಗಿದ್ದಾನೆ ಎನ್ನುತ್ತಿದ್ದಳಲ್ಲ, ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಸುಳ್ಳು ಕಲಿಸಿದವನು ನಾನೇ. ನನ್ನ ದನಿ ಒಡೆದಿದೆ. ಒಂದೇ ಮಾತಿಗೆ ನೀನು ಹಿಡಿದುಬಿಡುತ್ತಿದ್ದೆ. ಅದಕ್ಕೇ ಈ ಪತ್ರ.

ಮೊದಲನೆಯ ಅಂಕ ಇಂಗ್ಲಿಷಿನದು, ಕೇಳು. ಒಂಬತ್ತನೆಯ ಇಯತ್ತೆಯಲ್ಲಿ ಭಾಗ್ಯಾಗೆ ಪಾಸ್ಟ್ ಟೆನ್ಸು, ಫ್ಯೂಚರ್ ಟೆನ್ಸು ಕಲಸುಮೇಲೋಗರ ಆಗಿದ್ದವು. ನಿನ್ನೆ ಹೋದದ್ದನ್ನು ನಾಳೆ ಹೋಗುವಂತೆ ಹೇಳುತ್ತಿದ್ದಳು. ಮೂವತ್ತೆಂಟು ವರ್ಷ ಊರೂರಿಗೆ ನಾಟಕ ಕಲಿಸಿದವನು ನಾನು. ಅಕ್ಷರ ಬಾರದ ಗೌಡರಿಂದ ರಾಜನ ಪಾತ್ರ ಮಾಡಿಸಿದವನಿಗೆ ಇದೇನು ದೊಡ್ಡದು ಎಂದುಕೊಂಡೆ. ನಡುಮನೆಯ ಬಾಗಿಲಿಗೆ ನಿಮ್ಮವ್ವನ ಹಳೆ ಸೀರೆ ಕಟ್ಟಿ ಪರದೆ ಮಾಡಿದೆ. ಅವಳು ಆಚೆ, ನಾನು ಈಚೆ. ಸೋತ ರಾಜನ ಹಾಗೆ ‘ನಿನ್ನೆ’ ಎಂದು ಎಳೆದರೆ ಅವಳು ‘ಐ ವೆಂಟ್’ ಎನ್ನಬೇಕು. ದಂಡಿಗೆ ಹೊರಟ ಸೇನಾಪತಿಯ ಹಾಗೆ ‘ನಾಳೆ’ ಎಂದು ಗುಡುಗಿದರೆ ‘ಐ ವಿಲ್ ಗೋ’. ಹದಿನೈದು ದಿನದಲ್ಲಿ ನಲವತ್ತು ಕ್ರಿಯಾಪದ ಬಾಯಿಗೆ ಬಂದವು. ಬಾಜೂ ಮನೆಯ ಲಾಲಬಿ ಬಂದು, "ಮಾಸ್ತರ್ರ, ನಿಮ್ಮ ಇಂಗ್ಲಿಷ್ ಕೇಳಿ ನಮ್ಮ ಎಮ್ಮಿ ಬೆದರೇತ್ರಿ, ಹಾಲ ಕೊಡವಲ್ದು" ಎಂದು ಜಗಳ ತೆಗೆದಳು. ನಾನು ಅದನ್ನೂ ಚಪ್ಪಾಳೆ ಎಂದೇ ಲೆಕ್ಕ ಹಿಡಿದೆ. ದನಿ ಆಗಲೇ ಕರಕರ ಅನ್ನುತ್ತಿತ್ತು. ಬೆಲ್ಲ, ಶುಂಠಿ ತಿಂದುಕೊಂಡು ಕೂಗಿದೆ.

ಮಾತಿನ ಪರೀಕ್ಷೆಯ ದಿನ ಭಾಗ್ಯಾ ಮೂಕಿಯ ಹಾಗೆ ನಿಂತಳಂತೆ. ಇಂಗ್ಲಿಷ್ ಕಲಿಸುವ ಶಾಕೀರಾ ಟೀಚರು ನನ್ನನ್ನು ಕರೆಸಿ ಹೇಳಿದರು, "ಆಕಿಗೆ ಎಲ್ಲಾ ಬರತೈತ್ರಿ ಮಾಸ್ತರ್ರ. ಆದ್ರ ನಾ ಕೇಳಿದ ಕೂಡ್ಲೆ ಬಾಗಿಲಾ ನೋಡ್ತಾಳ. ಯಾರೋ ಒದರ್ತಾರಂತ ಕಾಯ್ಕೊಂತ ನಿಂದರ್ತಾಳ." ಹುಡುಗರೆಲ್ಲ ನಕ್ಕರಂತೆ. ಮನೆಗೆ ಬಂದು ಪಾಟಿಚೀಲ ಮೂಲೆಗೆ ಇಟ್ಟು, "ನಾ ಇನ್ನ ಸಾಲಿಗಿ ಹೋಗಾಂಗಿಲ್ಲ ಅಜ್ಜ" ಎಂದಳು. ಅಳಲಿಲ್ಲ. ಅಳದೆ ಹೇಳಿದ್ದು ನನಗೆ ಸರಿ ಬರಲಿಲ್ಲ. ಎರಡು ವಾರ ಬಿಟ್ಟು ಇನ್ನೊಮ್ಮೆ ಕೇಳುತ್ತೇನೆ ಎಂದು ಟೀಚರು ದೊಡ್ಡ ಮನಸ್ಸು ಮಾಡಿದರು.

ಆ ವಾರವೇ ಗಂಟಲಿನ ರಿಪೋರ್ಟಿಗೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆ. ಡಾಕ್ಟರು ಗಂಟಲೊಳಗಿನ ಚಿತ್ರ ತೋರಿಸಿದರು. ಗಡ್ಡೆ ಕೆಟ್ಟದ್ದು, ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು, ಜೀವಕ್ಕೆ ಏನೂ ಆಗದು, ಆದರೆ ಈ ದನಿ ಇರುವುದಿಲ್ಲ ಎಂದರು. ಆಪರೇಷನ್ ಬರುವ ಸೋಮವಾರ, ಇಪ್ಪತ್ನಾಲ್ಕನೆಯ ತಾರೀಖು. ಹೂಂ ಎಂದು ಸಹಿ ಮಾಡಿದೆ. ಇಂಥ ಸುದ್ದಿ ಬಂದಾಗ ಎದೆ ಹಿಡಿದು ಮೂರು ಹೆಜ್ಜೆ ಹಿಂದೆ ಸರಿಯಬೇಕು ಎಂದು ಎಷ್ಟು ಜನರಿಗೆ ಕಲಿಸಿದ್ದೇನೆ. ನನಗೆ ಏನೂ ಆಗಲಿಲ್ಲ. ಹೊರಗೆ ಬಂದು ಚಹಾ ಕುಡಿದೆ. ಬಿಸಿ ಇತ್ತೋ ತಣ್ಣಗಿತ್ತೋ ಗೊತ್ತಾಗಲಿಲ್ಲ. ಶಿಗ್ಗಾಂವದಲ್ಲಿ ಇಳಿಯುವುದನ್ನು ಮರೆತು ಮುಂದಿನ ಸ್ಟಾಪಿನವರೆಗೆ ಹೋಗಿ ತಿರುಗಿ ಬಂದೆ.

ಬಂದರೆ ಭಾಗ್ಯಾ ಪುಸ್ತಕ ಹಿಡಿದು ಪರದೆಯ ಆಚೆ ನಿಂತಿದ್ದಳು. ನಾನು ಕೂಗುತ್ತೇನೆಂದು ಕಾಯುತ್ತಿದ್ದಳು.

ನಮ್ಮ ಪ್ರಾಂಪ್ಟರ್ ಫಕ್ಕೀರೇಶ ನಿನಗೆ ನೆನಪಿರಬೇಕು, ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುತ್ತಿದ್ದವ. ಹಿರೇಕೆರೂರಿನ ಪ್ರಯೋಗದಲ್ಲಿ ಒಮ್ಮೆ, ಸಾವಿರ ಜನರ ಮುಂದೆ ನಾನು ಮಾತು ಮರೆತು ಅವನ ಕಡೆ ನೋಡಿದರೆ, ಪುಸ್ತಕ ಮುಚ್ಚಿ ಸುಮ್ಮನೆ ನಿಂತುಬಿಟ್ಟ. ಆಮೇಲೆ ಬೈದದ್ದಕ್ಕೆ, "ನಾ ಬರದ ದಿನ ಏನ ಮಾಡ್ತಿದ್ದಿ ನೀ?" ಎಂದ. ಎರಡು ವರ್ಷ ಅವನ ಜೊತೆ ಮಾತು ಬಿಟ್ಟಿದ್ದೆ. ಈಗ ನಾನೂ ಅದನ್ನೇ ಮಾಡಿದೆ. ಪರದೆಯ ಹಿಂದೆ ಹೋಗಿ ನಿಂತು ಬಾಯಿ ಮುಚ್ಚಿದೆ.

ಮೊದಲ ದಿನ ಅವಳು ಕಾದಳು. ಎರಡನೆಯ ದಿನ, "ಒದರೋ ಅಜ್ಜ, ನಿದ್ದಿ ಹತ್ತಿತೇನು?" ಎಂದು ಕೆಣಕಿದಳು. ಮೂರನೆಯ ದಿನ ಪುಸ್ತಕ ಬೀಸಿ ಒಗೆದಳು. ನಾನು ಎತ್ತಿ ಧೂಳು ಜಾಡಿಸಿ ಅಲ್ಲೇ ಇಟ್ಟೆ. ಐದನೆಯ ದಿನ ಸಂಜೆ, ಪರದೆಯ ಆಚೆಯಿಂದ ಸಣ್ಣ ದನಿ ಬಂತು: ‘ಅಜ್ಜ ಶೌಟೆಡ್. ಲಾಲಬೀಸ್ ಬಫೆಲೋ ಗೇವ್ ನೋ ಮಿಲ್ಕ್. ನೌ ಅಜ್ಜ ವಿಲ್ ನಾಟ್ ಶೌಟ್. ದಿ ಬಫೆಲೋ ವಿಲ್ ಗಿವ್ ಮಿಲ್ಕ್.’ ಪುಸ್ತಕದಲ್ಲಿ ಇಲ್ಲದ ಮಾತು. ನಗು ಬರಬೇಕಿತ್ತು, ಬರಲಿಲ್ಲ. ಸೀರೆಯ ಅಂಚು ಹಿಡಿದು ನಿಂತಿದ್ದೆ ಅಷ್ಟೆ.

ಇವತ್ತು ಎರಡನೆಯ ಪರೀಕ್ಷೆ. ಜೊತೆಗೆ ಹೋಗಿ ವರ್ಗದ ಬಾಗಿಲಲ್ಲಿ ನಿಂತೆ. ಟೀಚರು ಕೇಳಿದರು. ಅವಳು ತಿರುಗಿ ನನ್ನ ಕಡೆ ನೋಡಿದಳು. ನಾನು ಬೆನ್ನು ತಿರುಗಿಸಿ ಅಂಗಳದ ಬೇವಿನ ಗಿಡದವರೆಗೆ ನಡೆದೆ. ಗಿಡದ ಬುಡಕ್ಕೆ ಬೆನ್ನು ಕೊಟ್ಟು ನಿಂತೆ. ಆಮೇಲೆ ಅವಳ ದನಿ ಶುರುವಾಯಿತು, ನಿಲ್ಲಲಿಲ್ಲ. ತೆಳ್ಳಗಿನ ದನಿ, ಅಂಗಳಕ್ಕೆ ಮುಟ್ಟಿದ್ದೇ ಹೆಚ್ಚು. ನನ್ನದರ ಹಾಗೆ ಒಂದಿಷ್ಟೂ ಇರಲಿಲ್ಲ. ಪಾಸಾದಳು. ಬರುವ ಹಾದಿಯಲ್ಲಿ ಪಾಟಿಚೀಲ ನನಗೆ ಕೊಡಲಿಲ್ಲ, ತಾನೇ ಹೊತ್ತಳು. ಮನೆಗೆ ಬಂದು ರೊಟ್ಟಿ ತಿಂದು ಇದನ್ನು ಬರೆಯಲು ಕೂತೆ.

ಶನಿವಾರ ಮುಂಜಾನೆ ಹಾನಗಲ್ ಸ್ಟ್ಯಾಂಡಿನಲ್ಲಿ ನಿಮ್ಮ ಡಿಪೋದ ಬಸ್ಸಿನವರ ಕೈಗೆ ಇದನ್ನೂ ಚಟ್ನಿಯನ್ನೂ ಕೊಡುತ್ತೇನೆ. ಸಂಜೆಗೆ ನಿನಗೆ ಮುಟ್ಟುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ವರ್ಷ ಬಾಳು.

ನಿಮ್ಮಪ್ಪ,
ಚನ್ನವೀರಪ್ಪ ಮಾಸ್ತರ

ತಾ.ಕ.: ರವಿವಾರ ಮುಂಜಾನೆ ಹತ್ತಕ್ಕ ಫೋನ್ ಮಾಡವಾ. ಡ್ಯೂಟಿ ಇದ್ರ ಬದಲಿ ಮಾಡ್ಕೋ. ನಾನ ಎತ್ತತೇನಿ. ಸಣ್ಣಾಕಿದ್ದಾಗ ರಾಜನ ನಗಿ ನಗು ಅಂತ ಗಂಟ ಬೀಳ್ತಿದ್ದಿ, ಬೇಕಂದ್ರ ಅದನ್ನ ನಗತೇನಿ, ಎಷ್ಟ ಬರತೈತೋ ಅಷ್ಟ. ಸೋಮವಾರದಿಂದ ನೀ ಮಾತಾಡು, ನಾ ಕೇಳತೇನಿ. ಒಂದ ಮಾತು. ಫೋನಿನಾಗ ನನ್ನ ದನಿ ರೆಕಾರ್ಡ್ ಮಾಡಿ ಇಡಬ್ಯಾಡ. ಭಾಗ್ಯಾ ಕೇಳಿದ್ರ ಮತ್ತ ಕಾಯ್ಕೊಂತ ನಿಂತಾಳು.