ಒಂಬತ್ತು ಪಿನ್ನಿನ ಕಂಪ್ಯೂಟರ್

ಸೋಮವಾರ, ಬೆಳಿಗ್ಗೆ ಹತ್ತೂವರೆ

ಮನೆಯವರಿಗೆ ನನ್ನ ನಮಸ್ಕಾರ. ನಾಲ್ಕು ತಿಂಗಳಿಂದ ನಿಮ್ಮ ಅಣ್ಣನ ಮನೆಯಲ್ಲಿದ್ದೀರಿ, ಆದರೂ ನನ್ನ ಬಾಯಿಗೆ ಬರುವುದು ಈ ಮಾತೇ. ಬೇರೆ ಅಭ್ಯಾಸವಿಲ್ಲ.

ಇವತ್ತು ನನ್ನ ಉಪವಾಸ. ಐದಕ್ಕೆ ಎದ್ದು ನೀರು ಹಿಡಿದು, ಮನೆ ಮುಂದೆ ಗುಡಿಸಿ, ಬಟ್ಟೆ ಒಗೆದು ಹರವಿ, ದೇವರ ಮುಂದೆ ಕೂತು ಎದ್ದಿದ್ದೇನೆ. ಮೆಷಿನ್ನಿಗೆ ಎಣ್ಣೆ ಬಿಟ್ಟು ಬಾಬಿನ್‌ಗಳಿಗೆ ದಾರ ಸುತ್ತಿಟ್ಟಿದ್ದೂ ಆಯಿತು. ಹೊಟ್ಟೆ ಖಾಲಿಯಿದ್ದಾಗ ನನ್ನ ಮಾತು ಸ್ವಲ್ಪ ನೇರವಾಗಿರುತ್ತದೆ, ನಿಮಗೇ ಗೊತ್ತು. ಉಂಡು ಬರೆದಿದ್ದರೂ ಇದನ್ನೇ ಬರೆಯುತ್ತಿದ್ದೆ ಎನ್ನುವುದೂ ಗೊತ್ತಿರಲಿ.

ನಿಮ್ಮ ಪತ್ರ ಬಂದು ವಾರದ ಮೇಲಾಯಿತು. ಕಂಪ್ಯೂಟರ್ ಕೆಟ್ಟು ಕೂತಿದೆ, ಅದಿಲ್ಲದೆ ಕಸೂತಿ ಮೆಷಿನ್ ಬರೀ ಗುಜರಿ, ಗುರುವಾರ ಕೋಟು ಹೊಲಿಯುವ ದರ್ಜಿ ಟೆಂಪೊ ತರುತ್ತಾನೆ, ಕೊಟ್ಟು ಕಳಿಸು, ಬಂದ ಹಣ ಅಣ್ಣನ ಮೇಲಂತಸ್ತಿಗೆ ಆಗುತ್ತದೆ ಎಂದು ಬರೆದಿದ್ದೀರಿ. ಇದು ದೇವರೇ ಕೊಟ್ಟ ಸೂಚನೆ ಎಂದೂ ಸೇರಿಸಿದ್ದೀರಿ. ದೇವರಿಗೆ ನನ್ನ ಹತ್ತಿರ ಏನಾದರೂ ಹೇಳುವುದಿದ್ದರೆ ನನಗೇ ಹೇಳುತ್ತಾನೆ. ದಿನಕ್ಕೆ ಎರಡು ಹೊತ್ತು ಅವನೆದುರಿಗೇ ಕೂತಿರುತ್ತೇನೆ. ನಿಮ್ಮ ಅಣ್ಣನ ಮನೆ ಸುತ್ತಿಕೊಂಡು ಬರುವ ಕರ್ಮ ಅವನಿಗಿಲ್ಲ.

ಮೆಷಿನ್ ಕೊಟ್ಟಿಲ್ಲ. ಕೊಡುವುದೂ ಇಲ್ಲ. ಬೇರೆ ಕಂಪ್ಯೂಟರ್ ತಂದಿದ್ದೇನೆ. ಹೇಗೆ ತಂದೆ ಎಂಬುದನ್ನು ನನ್ನಿಂದಲೇ ಕೇಳಿ, ಕಂಡವರ ಬಾಯಿಂದ ಬೇಡ.

ನೀವು ಸ್ವೆಟರ್ ತೆಗೆದುಕೊಂಡು ಹೋಗಲು ಬಂದಿರಲ್ಲ, ಮರುದಿನ ಬೆಳಿಗ್ಗೆ ಹಳೆಯ ಕಂಪ್ಯೂಟರ್ ಮೂರು ಸಲ ಕೂಗಿ ಸುಮ್ಮನಾಯಿತು. ಪರದೆ ಕಪ್ಪು. ಶಾಲೆಯ ಇನ್ನೂರೈವತ್ತು ಬ್ಯಾಡ್ಜು ಹೊಲಿದುಕೊಡಲು ನಾನು ಒಪ್ಪಿ ನಾಲ್ಕೇ ದಿನವಾಗಿತ್ತು. ಹೆಡ್ ಮೇಡಂ ಹತ್ತಿರ ಹೋಗಿ ಹದಿನೈದು ದಿನ ಹೆಚ್ಚಿಗೆ ಕೇಳಿದೆ, ಹತ್ತು ಕೊಟ್ಟರು. ಆಮೇಲೆ ದೊಡ್ಡ ಅಂಗಡಿಯವರಿಗೆ ಕೊಟ್ಬಿಡ್ತೀನಿ ಕಣಮ್ಮ, ಬೇಜಾರು ಮಾಡ್ಕೋಬೇಡ ಎಂದರು. ಒಂದು ಸಲ ಅಲ್ಲಿಗೆ ಹೋದ ಕೆಲಸ ವಾಪಸು ಬರುವುದಿಲ್ಲ. ಮೆಷಿನ್ ಉಳಿಯಬೇಕಿದ್ದರೆ ಆ ಹತ್ತು ದಿನದಲ್ಲೇ ಉಳಿಯಬೇಕಿತ್ತು.

ನನ್ನ ಕೈಯಲ್ಲಿದ್ದದ್ದು ಇಪ್ಪತ್ತೆಂಟು ಸಾವಿರ, ಹೊಲಿದು ಉಳಿಸಿದ್ದು. ಅದರ ಮೇಲೆ ಒಂದು ಕಾಸೂ ಇರಲಿಲ್ಲ.

ಮಗಳು ಫೋನಿನಲ್ಲಿ, ಅಮ್ಮಾ ಸುಮ್ನೆ ಒಂದು ಲ್ಯಾಪ್‌ಟಾಪ್ ತಗೊಂಬಿಡು, ಮಡಚಿ ಎತ್ತಿಡಬಹುದು ಎಂದಳು. ಮಡಚಿ ಎತ್ತಿಡೋಕೆ ಅದೇನು ಹಾಸಿಗೆಯೇನೆ ಎಂದೆ. ದಾರದ ಚೂರು, ಬಟ್ಟೆಯ ಧೂಳು, ಎಣ್ಣೆ ಕೈ ಇರುವ ಕೋಣೆ ನನ್ನದು. ಪಕ್ಕದ ತಗಡು ಬಿಚ್ಚಿ ಬ್ರಷ್ಷಿನಲ್ಲಿ ಒರೆಸಲು ಬರುವಂಥ ಪೆಟ್ಟಿಗೆಯೇ ಇಲ್ಲಿ ಬಾಳುವುದು. ಆ ಕೆಲಸವನ್ನು ತಿಂಗಳಿಗೊಮ್ಮೆ ನೀವು ಮಾಡುತ್ತಿದ್ದಿರಿ. ಮಾಡಿಲ್ಲ ಎಂದು ನಾನು ಯಾರ ಹತ್ತಿರವೂ ಹೇಳಿಲ್ಲ.

ಮೊದಲು ಗಾಜಿನ ಬಾಗಿಲಿನ ಕಂಪ್ಯೂಟರ್ ಅಂಗಡಿಗೆ ಹೋದೆ. ಹೋಗುವಾಗ ಮೆಷಿನ್ನಿನ ಕೇಬಲ್ ಸುತ್ತಿ ಚೀಲದಲ್ಲಿ ಹಾಕಿಕೊಂಡಿದ್ದೆ. ಚಿತ್ರವನ್ನು ಕಂಪ್ಯೂಟರಿನಿಂದ ಸೂಜಿಗೆ ದಾಟಿಸುವುದು ಅದೊಂದೇ. ಅದರ ಮೂತಿಯಲ್ಲಿ ಒಂಬತ್ತು ತೂತು. ಕಂಪ್ಯೂಟರಿನ ಬೆನ್ನಿನಲ್ಲಿ ಒಂಬತ್ತು ಪಿನ್ನಿಲ್ಲದಿದ್ದರೆ ಎಂಥ ಕಂಪ್ಯೂಟರೂ ನನಗೆ ಕಲ್ಲು. ಟೈ ಕಟ್ಟಿದ ಮಾರಾಟಗಾರ ಒಳಗೆಲ್ಲ ಬಣ್ಣದ ದೀಪ ಉರಿಯುವ ಪೆಟ್ಟಿಗೆ ತೋರಿಸಿ, ನಲವತ್ತೆರಡಕ್ಕೆ ಬಿಡ್ತೀವಿ, ಕಂತೂ ಇದೆ ಎಂದ. ದೀಪ ಯಾಕಪ್ಪ ಒಳಗೆ ಎಂದೆ. ಆಟ ಆಡುವವರಿಗೆ ಚೆನ್ನಾಗಿ ಕಾಣುತ್ತದಂತೆ. ನಾನು ಕೇಬಲ್ ತೆಗೆದು ಮೇಜಿನ ಮೇಲಿಟ್ಟೆ. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ, ಅಯ್ಯೋ ಇದು ನಿಮ್ಮ ಕಾಲದ್ದಮ್ಮ, ಈಗ ಬರಲ್ಲ ಎಂದ. ನನ್ನ ಕಾಲ ಇನ್ನೂ ಮುಗಿದಿಲ್ಲಪ್ಪ, ನಿನ್ನ ಮುಂದೆ ನಿಂತಿದ್ದೀನಲ್ಲ ಎಂದು ಕೇಬಲ್ ಕಸಿದುಕೊಂಡು ಬಂದೆ. ಬಾಗಿಲು ಎಳೆಯುವುದೋ ತಳ್ಳುವುದೋ ಗೊತ್ತಾಗದೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು, ಅದು ಬೇರೆ.

ಆಮೇಲೆ ಟೈರ್ ಅಂಗಡಿ ಪಕ್ಕದ ಮೆಟ್ಟಿಲ ಕೆಳಗೆ ರಿಪೇರಿ ಮಾಡುವ ಸ್ಕ್ರೂ ಅಣ್ಣನ ಹತ್ತಿರ ಹೋದೆ. ಹಳೆಯದನ್ನು ಅವನೇ ಮನೆಗೆ ಬಂದು ನೋಡಿದ. ಅದರ ಕಥೆ ಮುಗಿಯಿತು ಎಂದಷ್ಟೇ ಈಗ ತಿಳಿದುಕೊಳ್ಳಿ. ಮುಚ್ಚಿಹೋದ ಯಾವುದೋ ಆಫೀಸಿನ ಕಂಪ್ಯೂಟರುಗಳು ಅವನಲ್ಲಿ ಆರಿದ್ದವು. ನಾನು ಒಂದೊಂದನ್ನೂ ತಿರುಗಿಸಿ ಬೆನ್ನು ನೋಡಿದೆ. ಅಕ್ಕಾ, ಎಲ್ಲರೂ ಮುಖ ನೋಡ್ತಾರೆ, ನೀವೇನು ಬೆನ್ನು ನೋಡ್ತೀರಿ ಎಂದು ನಕ್ಕ. ಮುಖ ನೋಡಿ ಒಂದು ಸಲ ಒಪ್ಕೊಂಡಿದ್ದು ಸಾಕು ಎಂದೆ. ನಿಮಗೆ ತಿಳಿಯಲಿ ಎಂದೇ ಬರೆಯುತ್ತಿದ್ದೇನೆ.

ನಾಲ್ಕಕ್ಕೆ ಒಂಬತ್ತು ಪಿನ್ನಿತ್ತು. ಆ ನಾಲ್ಕನ್ನೂ ಅರ್ಧ ಗಂಟೆ ಓಡಿಸಿ ಎಂದೆ. ತಗಡಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದೆ, ಕಿವಿಯಿಟ್ಟು ಫ್ಯಾನಿನ ಸದ್ದು ಕೇಳಿದೆ. ಇಪ್ಪತ್ತೆರಡು ವರ್ಷ ಮೆಷಿನ್ ತುಳಿದವಳಿಗೆ ಬೇರಿಂಗ್ ಸವೆದ ಸದ್ದು ಯಾರೂ ಹೇಳಿಕೊಡಬೇಕಾಗಿಲ್ಲ. ಎರಡನ್ನು ಅಲ್ಲೇ ಬೇಡವೆಂದೆ. ಉಳಿದೆರಡರಲ್ಲಿ ಇನ್ನೂ ವೇಗದ್ದು ತಗೊಳ್ಳಿ, ಆರು ಸಾವಿರ ಜಾಸ್ತಿ ಅಷ್ಟೇ ಎಂದ. ನನ್ನ ಸೂಜಿ ನಿಮಿಷಕ್ಕೆ ಆರುನೂರು ಸಲ ಕುತ್ತುತ್ತದೆ, ಅದಕ್ಕಿಂತ ಬೇಗ ಯಾವ ಕಂಪ್ಯೂಟರ್ ಬಂದರೂ ಕುತ್ತುವುದಿಲ್ಲ. ವೇಗದ್ದು ತಂದರೆ ಅದೂ ಕೂತು ಸೂಜಿಗೆ ಕಾಯಬೇಕು. ಆ ಆರು ಸಾವಿರಕ್ಕೆ ದೊಡ್ಡ ಹೊಸ ಪರದೆ ಕೇಳಿದೆ, ಯಾಕೆಂದರೆ ಸವೆಯುತ್ತಿರುವುದು ನನ್ನ ಕಣ್ಣು. ಒಳಗಿನ ಡಿಸ್ಕ್ ಹೊಸದು, ಕರೆಂಟು ಹೋದರೆ ಹತ್ತು ನಿಮಿಷ ಹಿಡಿದುಕೊಳ್ಳುವ ಬ್ಯಾಟರಿ ಪೆಟ್ಟಿಗೆಯೂ ಹೊಸದು. ಸ್ಪೀಕರ್, ಕ್ಯಾಮೆರಾ ಎರಡೂ ಬೇಡ ಎಂದೆ. ಕೀಬೋರ್ಡು ಹಳೆಯದೇ ಸಾಕು.

ಮನೆಗೆ ತಂದು ಹೊಲಿದು ತೋರಿಸಿದ ಮೇಲೆಯೇ ದುಡ್ಡು ಎಂದದ್ದಕ್ಕೆ ಅವನು ಗೊಣಗಿಕೊಂಡೇ ಹೊತ್ತು ತಂದ. ಹಳೆಯದರ ಡಿಸ್ಕ್ ಬಿಚ್ಚಿ ನನ್ನ ಚಿತ್ರಗಳನ್ನೆಲ್ಲ ಇದಕ್ಕೆ ದಾಟಿಸಿದ. ಕೇಬಲ್ ಸಿಕ್ಕಿಸಿ, ಬಟ್ಟೆ ಬಿಗಿದು, ದೇವರೇ ಎಂದು ಗುಂಡಿ ಒತ್ತಿದೆ. ಸೂಜಿ ಒಂದೇ ಕಡೆ ಕುತ್ತಿ ಕುತ್ತಿ ದಾರದ ಗಂಟು ಮಾಡಿ, ಬಟ್ಟೆ ಹರಿದು ನಿಂತಿತು. ಮೆಷಿನ್ನೇ ಹೋಗಿದೆ ಅಕ್ಕ, ಯಜಮಾನ್ರು ಹೇಳಿದ ಹಾಗೆ ಕೊಟ್ಬಿಡಿ ಎಂದ ಸ್ಕ್ರೂ ಅಣ್ಣ. ನಿಮ್ಮ ಮಾತು ಅವನವರೆಗೂ ಹೋಗಿದೆ ಎಂದು ಆಗ ತಿಳಿಯಿತು.

ಯಜಮಾನ್ರು ಹೇಳಿದ್ದಾರೆ ಎಂದ ಕೂಡಲೇ ನನಗೆ ಹಟ ಬಂತು. ಮೆಷಿನ್ ಕೂರಿಸಿದ ದಿನ ಮೆಕ್ಯಾನಿಕ್ ಒಂದು ಸಂಖ್ಯೆ ಹೇಳಿ, ಇದನ್ನ ಮರೀಬೇಡಿ ಎಂದಿದ್ದ. ಮರೆಯಬಾರದ್ದನ್ನು ನಾನು ಬರೆದಿಡುವುದು ಒಂದೇ ಕಡೆ. ಪ್ರಾರ್ಥನೆ ಪುಸ್ತಕ ತಂದು ಹಿಂದಿನ ಹಾಳೆ ತೆರೆದೆ. ಉಪವಾಸದ ದಿನಗಳ ಪಟ್ಟಿಯ ಕೆಳಗೆ, ಮಗಳಿಗೆ ಚುಚ್ಚುಮದ್ದು ಹಾಕಿಸಿದ ತಾರೀಖಿನ ಪಕ್ಕದಲ್ಲಿ, ಒಂಬತ್ತು ಸಾವಿರದ ಆರುನೂರು ಎಂದಿತ್ತು. ಕೇಬಲ್ಲಿನಲ್ಲಿ ಚಿತ್ರ ಯಾವ ವೇಗದಲ್ಲಿ ಹೋಗಬೇಕು ಎಂಬ ಸಂಖ್ಯೆಯಂತೆ ಅದು. ಸ್ಕ್ರೂ ಅಣ್ಣ ಕಂಪ್ಯೂಟರಿನಲ್ಲಿ ಅದನ್ನೇ ಒತ್ತಿದ. ಹನ್ನೊಂದು ನಿಮಿಷದಲ್ಲಿ ಶಾಲೆಯ ಬ್ಯಾಡ್ಜು ಒಂದೆಳೆ ತಪ್ಪದೆ ಎದ್ದು ಬಂತು. ಅಲ್ಲೇ ಕೂತು ಅತ್ತೆ. ಅವನು ಗಾಬರಿಯಾಗಿ ಇನ್ನೂರು ಕಡಿಮೆ ಮಾಡಿದ.

ಗುರುವಾರ ನಿಮ್ಮ ಕೋಟು ದರ್ಜಿ ಟೆಂಪೊ ತಂದ. ಬಾಗಿಲಲ್ಲೇ ಸದ್ದು ಕೇಳಿ, ಇದೇನಮ್ಮ, ನಿಂತುಹೋಗಿದೆ ಅಂದಿದ್ರು ನಿಮ್ಮ ಯಜಮಾನ್ರು ಎಂದ. ಅವರು ಇಲ್ಲಿಲ್ಲ, ಅವರಿಗೆ ಕೇಳಿಸಿಲ್ಲ ಎಂದೆ. ನೀರು ಕುಡಿದು ಖಾಲಿ ಟೆಂಪೊ ತೆಗೆದುಕೊಂಡು ಹೋದ. ಅವನ ಬಾಡಿಗೆ ನೀವು ನೋಡಿಕೊಳ್ಳಿ. ಶನಿವಾರ ಇನ್ನೂರೈವತ್ತೂ ಶಾಲೆಗೆ ಮುಟ್ಟಿದವು. ಹೆಡ್ ಮೇಡಂ ಒಂದೊಂದನ್ನೂ ತಿರುಗಿಸಿ ನೋಡಿ ಮುಂದಿನ ವರ್ಷದ್ದೂ ನಿನಗೇ ಎಂದರು. ಮೆಷಿನ್ ನನ್ನದು, ಕಂಪ್ಯೂಟರ್ ನನ್ನದು, ನಿಮ್ಮ ಅಣ್ಣನ ಮೇಲಂತಸ್ತು ನಿಮ್ಮ ಅಣ್ಣನದು.

ಪತ್ರದ ಕೊನೆಗೆ, ನಾನು ವಾಪಸು ಬರಬೇಕೋ ಬೇಡವೋ ಒಂದು ಸಾಲು ಬರಿ ಎಂದಿದ್ದೀರಿ. ಬರೆಯುವುದಿಲ್ಲ. ಅದಕ್ಕೆ ನನ್ನ ಉತ್ತರ ಸಿದ್ಧವಾಗಿದೆ, ಆದರೆ ಅಂಚೆಗೆ ಹಾಕುವಂಥದ್ದಲ್ಲ. ಬೇಕಿದ್ದರೆ ನೀವೇ ಬಂದು ತೆಗೆದುಕೊಂಡು ಹೋಗಿ. ಅಣ್ಣನನ್ನು ಕಳಿಸಬೇಡಿ, ಅವರ ಕೈಗೆ ಕೊಡುವುದಿಲ್ಲ.

ಇಷ್ಟು ಬರೆದವಳು,
ಇದೇ ಮನೆಯಲ್ಲಿರುವ ನಿಮ್ಮ ಮನೆಯವಳು

ತಾ.ಕ.: ಕವರಿಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಕಂಪ್ಯೂಟರ್ ಕೆಟ್ಟಿದ್ದನ್ನು ನಾನು ನಿಮಗಾಗಲಿ ನಿಮ್ಮ ಅಣ್ಣನಿಗಾಗಲಿ ಹೇಳಿಯೇ ಇರಲಿಲ್ಲ, ಮಗಳೂ ಹೇಳಿಲ್ಲವಂತೆ, ಆದರೂ ನೀವು ಬರೆದಿರಿ. ಸ್ಕ್ರೂ ಅಣ್ಣ ಹಳೆಯದರ ತಗಡು ಬಿಚ್ಚಿದವನೇ, ಏನೂ ಸುಟ್ಟಿಲ್ಲ ಅಕ್ಕ, ಮೆಮೊರಿ ಪಟ್ಟಿ ಯಾರೋ ಕಿತ್ತುಕೊಂಡಿದ್ದಾರೆ, ಅದಿಲ್ಲದೆ ಇದು ಏಳಲ್ಲ ಎಂದ. ಧೂಳು ಒರೆಸುವಾಗ ನಾನೇ ತೆಗೆದು ಎಲ್ಲೋ ಇಟ್ಟು ಮರೆತೆ ಎಂದೆ. ಎಂಟುನೂರು ಕೊಟ್ಟರೆ ಬೇರೆ ಹಾಕ್ತೀನಿ ಎಂದ, ಬೇಡ ಎಂದೆ. ನಿಮ್ಮ ಕೈಗೆ ಒಳಗೆಲ್ಲ ಗೊತ್ತಿರುವ ಪೆಟ್ಟಿಗೆಯ ಮುಂದೆ ನನಗೆ ಇನ್ನು ಕೂರಲಾಗುತ್ತಿರಲಿಲ್ಲ. ಅವತ್ತೂ ನನ್ನ ಉಪವಾಸವಿತ್ತು. ನಿಮ್ಮ ಮಾನಕ್ಕಾಗಿ ಉಪವಾಸದ ದಿನ ಸುಳ್ಳು ಹೇಳಿದೆ, ಅದನ್ನು ದೇವರ ಹತ್ತಿರ ಒಪ್ಪಿಕೊಂಡಿದ್ದೇನೆ. ನಿಮ್ಮದನ್ನು ನೀವು ಒಪ್ಪಿಕೊಳ್ಳಬೇಕು. ಬರುವಾಗ ಆ ಮೆಮೊರಿ ಪಟ್ಟಿ ತನ್ನಿ. ಹೊಸದಕ್ಕೆ ಅದು ಹೊಂದುವುದಿಲ್ಲ, ಕೇಳಿ ನೋಡಿದ್ದೇನೆ. ಆದರೂ ಜೇಬಿನಲ್ಲಿಟ್ಟುಕೊಳ್ಳದೆ, ಕೈಯಲ್ಲಿ ಹಿಡಿದುಕೊಂಡೇ ಬನ್ನಿ.